ಸೋತ ಮೇಲೆ ಇನ್ನೊಂದು ಪಂದ್ಯ

(2025ರ ಡಿಸೆಂಬರ್‌ನಲ್ಲಿ ಕೋಲಾರದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು, ಪೋಷಕರು ಮತ್ತು ಶಾಲಾ ಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಕರೆಂಟು ಹೋಗಿ ಮೈಕು ನಿಂತಾಗ ಆಡಿದ ಮಾತುಗಳು ಹಿಂದಿನ ಸಾಲಿನವರಿಗೆ ಕೇಳಿಸಿರಲಿಲ್ಲವಂತೆ. ಅವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಅಂತರರಾಷ್ಟ್ರೀಯ ಯುವ ಫುಟ್‌ಬಾಲ್ ಮತ್ತು ಭಾರತ’ ಎಂದು ಅಚ್ಚು ಹಾಕಿಸಿದ್ದಾರೆ. ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ಸೀಟಿ ಊದಿದ ಪಿ.ಟಿ. ಮೇಷ್ಟ್ರಿಗೆ ಇಷ್ಟು ದೊಡ್ಡ ಪೇಟ ತೊಡಿಸಿದರೆ ಅದು ಕಣ್ಣಿನ ಮೇಲೇ ಇಳಿದುಬಿಡುತ್ತದೆ. ಅದನ್ನು ಪಕ್ಕಕ್ಕಿಟ್ಟು ಒಂದೇ ಒಂದು ಗುಂಪಿನಿಂದ ಶುರು ಮಾಡುತ್ತೇನೆ. ಕಳೆದ ತಿಂಗಳು ಅಹಮದಾಬಾದಿನಲ್ಲಿ ಆಡಿ ಮುಗಿಸಿದ ಗುಂಪು ಅದು.

17 ವರ್ಷದೊಳಗಿನ ಬಾಲಕರ ಏಷ್ಯನ್ ಕಪ್‌ನ ಅರ್ಹತಾ ಸುತ್ತು. ‘ಡಿ’ ಗುಂಪಿನಲ್ಲಿ ಐದು ತಂಡಗಳಿದ್ದವು: ಭಾರತ, ಇರಾನ್, ಲೆಬನಾನ್, ಪ್ಯಾಲೆಸ್ಟೀನ್, ಚೀನೀ ತೈಪೆ. ಎಲ್ಲರೂ ಎಲ್ಲರ ಎದುರು ಒಂದೊಂದು ಸಲ ಆಡಬೇಕು. ಮೊದಲು ನಿಂತವರಿಗೆ ಮಾತ್ರ ಸೌದಿ ಅರೇಬಿಯಾದ ಮುಖ್ಯ ಟೂರ್ನಿಗೆ ಪ್ರವೇಶ, ಎರಡನೆಯವರಿಗೆ ಏನೂ ಇಲ್ಲ. ನವೆಂಬರ್ 22ರಂದು ನಮ್ಮ ಹುಡುಗರು ಪ್ಯಾಲೆಸ್ಟೀನ್ ಜೊತೆ 1–1ರಲ್ಲಿ ಸಮ ಮಾಡಿಕೊಂಡರು. 26ರಂದು ಚೀನೀ ತೈಪೆಯನ್ನು 3–1ರಿಂದ ಸೋಲಿಸಿದರು. 28ರಂದು ಲೆಬನಾನ್ ಎದುರು 0–2ರಿಂದ ಸೋತರು. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಅಲ್ಲಿಗೆ ಮೂರು ಪಂದ್ಯಗಳಿಂದ ನಮಗೆ ನಾಲ್ಕು ಅಂಕ, ಇರಾನಿಗೆ ಏಳು. ಉಳಿದದ್ದು ಒಂದೇ ಪಂದ್ಯ, ಅದೂ ಇರಾನ್ ಮೇಲೆಯೇ. ಅವರಿಗೆ ಡ್ರಾ ಸಾಕು. ನಮಗೆ ಗೆಲುವೇ ಬೇಕು.

30ರಂದು ಮೊದಲ ಗೋಲು ಬಂದದ್ದು ಇರಾನಿನಿಂದ. ಇನ್ನೇನು ಮುಗಿಯಿತು ಎಂದು ಟಿ.ವಿ. ಆರಿಸಿ ಎದ್ದವರು ಈ ಸಭೆಯಲ್ಲೂ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ವಿರಾಮಕ್ಕೆ ಸ್ವಲ್ಪ ಮುಂಚೆ ಒಂದು ಪೆನಾಲ್ಟಿ ಸಿಕ್ಕಿತು, 1–1 ಆಯಿತು. ವಿರಾಮ ಮುಗಿಸಿ ಬಂದ ಮೇಲೆ ಇನ್ನೊಂದು ಗೋಲು, 2–1. ಉಳಿದ ಹೊತ್ತನ್ನೆಲ್ಲ ನಮ್ಮ ಹುಡುಗರು ಹಲ್ಲು ಕಚ್ಚಿ ಕಾಯ್ದರು. ಏಳು ಅಂಕ ನಮಗೂ, ಏಳು ಅಂಕ ಅವರಿಗೂ. ನಾವು ಮೇಲೆ, ಅವರು ಕೆಳಗೆ.

1974ರಲ್ಲಿ ಬ್ಯಾಂಕಾಕಿನಲ್ಲಿ ಏಷ್ಯಾದ ಯುವ ಚಾಂಪಿಯನ್‌ಷಿಪ್‌ನ ಫೈನಲ್ ಇದೇ ಭಾರತ, ಇದೇ ಇರಾನ್ ನಡುವೆ 2–2ರಲ್ಲಿ ನಿಂತು, ಎರಡೂ ದೇಶಗಳು ಕಪ್ ಹಂಚಿಕೊಂಡಿದ್ದವು. ಆಗ ಸಮಬಲರಿಬ್ಬರೂ ಗೆದ್ದರು. ಈಗ ಅಂಕದಲ್ಲಿ ಸಮಬಲರಾದ ಇಬ್ಬರಲ್ಲಿ ಒಬ್ಬರೇ ಮುಂದೆ ಹೋದರು. ಯಾರು ಹೋಗಬೇಕು ಎಂದು ಹೇಳುವುದು ನಿಯಮ ಪುಸ್ತಕದ ಒಂದು ಸಾಲು. ಅಂಕ ಸಮನಾದರೆ ಮೊದಲು ನೋಡಬೇಕಾದದ್ದು ಆ ತಂಡಗಳು ಮುಖಾಮುಖಿಯಾದಾಗ ಏನಾಯಿತು ಎಂಬುದನ್ನು ಎಂಬ ಸಾಲು. ನಾವು ಗುಂಪಿನಲ್ಲಿ ಆರು ಗೋಲು ಹೊಡೆದು ಐದು ಬಿಟ್ಟುಕೊಟ್ಟಿದ್ದೆವು, ವ್ಯತ್ಯಾಸ ಬರೀ ಒಂದು. ಎದೆ ತಟ್ಟಿಕೊಳ್ಳುವ ಲೆಕ್ಕವಲ್ಲ ಅದು. ಆದರೆ ಇರಾನನ್ನು ಸೋಲಿಸಿದ್ದೆವು. ಅಲ್ಲಿಂದ ಮುಂದೆ ಯಾರೂ ಏನನ್ನೂ ನೋಡಬೇಕಾಗಿರಲಿಲ್ಲ.

ಈ ಕತೆಯಲ್ಲಿ ಎಲ್ಲರೂ ಇರಾನ್ ಪಂದ್ಯವನ್ನೇ ಮೆಲುಕು ಹಾಕುತ್ತಾರೆ. ನನಗೆ ಕಾಡುವುದು ಲೆಬನಾನ್ ಎದುರಿನ ಸೋಲು. ಸೋತರು, ಎರಡು ರಾತ್ರಿ ಮಲಗಿ ಎದ್ದರು, ಮತ್ತೆ ಬೂಟು ಕಟ್ಟಿದರು. ಸೋತ ಮೇಲೆ ಅವರಿಗೆ ಇನ್ನೊಂದು ಪಂದ್ಯ ಇತ್ತು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟನ್ನೇ. ಉಳಿದದ್ದೆಲ್ಲ ಇದಕ್ಕೆ ಒಗ್ಗರಣೆ ಎಂದುಕೊಳ್ಳಿ.

ನಮ್ಮ ಜಿಲ್ಲೆಯ ಕತೆಗೆ ಬರುತ್ತೇನೆ. ಎಷ್ಟೋ ವರ್ಷಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ನಮ್ಮ ಹುಡುಗರು ತಾಲ್ಲೂಕು ಮಟ್ಟದಲ್ಲಿ ಗೆದ್ದರು. ಗೆದ್ದರು ಎನ್ನುವುದಕ್ಕಿಂತ, ಎದುರಾಳಿ ಬರಲಿಲ್ಲವಾದ್ದರಿಂದ ದಾಟಿದರು ಎನ್ನುವುದು ಸತ್ಯಕ್ಕೆ ಹತ್ತಿರ. ಜಿಲ್ಲಾ ಮಟ್ಟಕ್ಕೆ ಕೋಲಾರಕ್ಕೆ ಬರಬೇಕು. ಅಮ್ಮಂದಿರು ಬೆಳಗಿನ ಜಾವ ಎದ್ದು ಚಿತ್ರಾನ್ನ ಕಲಸಿ ಕೊಟ್ಟಿದ್ದರು. ಮೊದಲ ಬಸ್ಸು ಹಿಡಿದು ಬಂದೆವು. ಹದಿನಾಲ್ಕು ಹುಡುಗರಲ್ಲಿ ಬೂಟು ಇದ್ದದ್ದು ಐದು ಜೊತೆ. ಗೋಲ್‌ಕೀಪರ್‌ಗೆ ಬೂಟು ಬೇಡ ಎಂದು ಅವನದನ್ನು ಬಿಚ್ಚಿಸಿ ಮುಂದಿನವನಿಗೆ ಹಾಕಿಸಿದ್ದೆ. ಅದು ತಪ್ಪು, ಈಗ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ನಿಮಿಷದ ಎರಡು ಅವಧಿ. ಒಂಬತ್ತೂವರೆಗೆ ಆಟ ಶುರುವಾಯಿತು, ಹತ್ತೂಕಾಲಿಗೆ ಮುಗಿಯಿತು. 0–3. ಡಬ್ಬಿಯೊಳಗಿನ ಚಿತ್ರಾನ್ನ ಇನ್ನೂ ಬೆಚ್ಚಗಿತ್ತು.

ಒಬ್ಬ ಹುಡುಗ ಬಂದು, “ಸಾರ್, ನಮಗೆ ಇನ್ನೊಂದು ಪಂದ್ಯ ಇಲ್ಲವೇ?” ಎಂದು ಕೇಳಿದ. ಇಲ್ಲ ಎಂದೆ. “ಹಾಗಾದರೆ ಇಷ್ಟು ದೂರ ಯಾಕೆ ಬಂದೆವು?” ಎಂದ. ಕ್ರೀಡಾ ಮನೋಭಾವ, ಭಾಗವಹಿಸುವಿಕೆ ಎಂದೇನೋ ಹೇಳಿದೆ. ಹುಡುಗ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ಆ ನೋಟಕ್ಕೆ ಉತ್ತರ ಹುಡುಕಲು ನನಗೆ ಕೆಲವು ವರ್ಷ ಹಿಡಿಯಿತು.

ಸೋತವರು ಅಲ್ಲೇ ಹೊರಬೀಳುವ ನಾಕೌಟ್ ಎಂಬ ಪದ್ಧತಿಯ ಲೆಕ್ಕ ನೋಡಿ. ಹದಿನಾರು ತಂಡ ಬಂದರೆ ಹದಿನೈದು ಪಂದ್ಯದಲ್ಲಿ ಎಲ್ಲ ಮುಗಿಯುತ್ತದೆ. ಸಂಘಟಕರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಆದರೆ ಆ ಹದಿನಾರರಲ್ಲಿ ಎಂಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಹದಿನಾರನ್ನು ನಾಲ್ಕು ನಾಲ್ಕರ ಗುಂಪು ಮಾಡಿದರೆ ಗುಂಪು ಹಂತದಲ್ಲೇ ಇಪ್ಪತ್ತನಾಲ್ಕು ಪಂದ್ಯ, ಎಂಥ ದುರ್ಬಲ ತಂಡಕ್ಕೂ ಮೂರು ಪಂದ್ಯ ಖಾತರಿ. ಆಟ ಯಾರಿಗೆ ಹೆಚ್ಚು ಬೇಕು ಹೇಳಿ? ಮೊದಲ ಪಂದ್ಯದಲ್ಲೇ ಸೋಲುವವನಿಗೆ ತಾನೇ? ನಮ್ಮ ಪದ್ಧತಿ ಅವನನ್ನೇ ಮೊದಲು ಬಸ್ಸು ಹತ್ತಿಸುತ್ತದೆ. ಕೆರೆ ತುಂಬಿದ ಊರಿಗೇ ಟ್ಯಾಂಕರ್ ಕಳಿಸಿದ ಹಾಗೆ.

ಗುಂಪು ಎಂದರೆ ಬರೀ ಹೆಚ್ಚು ಪಂದ್ಯ ಅಂತಲೂ ಅಲ್ಲ. ಅದೊಂದು ವಿಚಿತ್ರ ಲೆಕ್ಕದ ಮನೆ. ಇದನ್ನು ಕೋಲಾರದವರಿಗೆ ವಿವರಿಸುವುದು ಸುಲಭ. ನಮ್ಮ ಮಾರುಕಟ್ಟೆಗೆ ಟೊಮೆಟೊ ತರುವ ರೈತ ತನ್ನ ತೋಟ ನೋಡಿಕೊಂಡರೆ ಸಾಲದು. ನಾಸಿಕದ ಕಡೆ ಮಳೆ ಹೆಚ್ಚಾಗಿ ಬೆಳೆ ಕೆಟ್ಟರೆ ಇಲ್ಲಿ ಬಾಕ್ಸಿನ ಬೆಲೆ ಏರುತ್ತದೆ, ಅಲ್ಲಿ ಚೆನ್ನಾಗಿ ಬಂದರೆ ಇಲ್ಲಿ ರಸ್ತೆಗೆ ಸುರಿಯುವ ಹಾಗಾಗುತ್ತದೆ. ಎಂದೂ ನೋಡಿರದ ಊರಿನ ಮೋಡ ನಮ್ಮ ಮನೆಯ ಸಾಲ ತೀರಿಸುತ್ತದೆ, ಇಲ್ಲವೇ ಬೆಳೆಸುತ್ತದೆ. ಗುಂಪಿನ ಪಟ್ಟಿಯೂ ಹಾಗೆಯೇ. ನಾವು ಆಡದ ಪಂದ್ಯ ನಮ್ಮ ಹಣೆಬರಹ ಬರೆಯುತ್ತದೆ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ 2017ರದು. ಆ ವರ್ಷ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ನಾವು ‘ಎ’ ಗುಂಪಿನಲ್ಲಿ ಅಮೆರಿಕ, ಕೊಲಂಬಿಯಾ, ಘಾನಾ ಜೊತೆ ಇದ್ದೆವು, ಆಟವೆಲ್ಲ ದೆಹಲಿಯಲ್ಲಿ. ಅಮೆರಿಕಕ್ಕೆ 0–3, ಕೊಲಂಬಿಯಾಕ್ಕೆ 1–2, ಘಾನಾಕ್ಕೆ 0–4. ಮೂರಕ್ಕೆ ಮೂರೂ ಸೋಲು, ಕೊನೆಯ ಸ್ಥಾನ. ಇಷ್ಟು ಹೇಳಿ ಹೆಚ್ಚಿನವರು ಪುಟ ತಿರುಗಿಸುತ್ತಾರೆ. ನೀವು ತಿರುಗಿಸಬೇಡಿ, ಇಲ್ಲಿ ಬನ್ನಿ, ಹಲಗೆ ನೋಡಿ.

(ಇಲ್ಲಿ ಕಪ್ಪು ಹಲಗೆಯ ಮೇಲೆ ಪಟ್ಟಿ ಬರೆದೆ. ಸೀಮೆಸುಣ್ಣ ಎರಡು ಸಲ ಮುರಿಯಿತು.)

ನಮ್ಮನ್ನು ಬಿಟ್ಟು ಉಳಿದ ಮೂವರೂ ಎರಡೆರಡು ಗೆದ್ದು ಒಂದೊಂದು ಸೋತಿದ್ದಾರೆ. ಅಮೆರಿಕ ಘಾನಾವನ್ನು 1–0ರಿಂದ ಸೋಲಿಸಿತು, ಘಾನಾ ಕೊಲಂಬಿಯಾವನ್ನು 1–0ರಿಂದ, ಕೊಲಂಬಿಯಾ ಅಮೆರಿಕವನ್ನು 3–1ರಿಂದ. ಮೂವರಿಗೂ ಆರಾರು ಅಂಕ. ಅಹಮದಾಬಾದಿನ ಹಾಗಲ್ಲದೆ ಈ ಟೂರ್ನಿಯಲ್ಲಿ ಮುಖಾಮುಖಿಗಿಂತ ಮೊದಲು ನೋಡುವುದು ಗೋಲು ವ್ಯತ್ಯಾಸ, ಅದಕ್ಕೆ ಬನ್ನಿ. ಘಾನಾ ಐದು ಹೊಡೆದು ಒಂದು ಬಿಟ್ಟಿತು, ಮೊದಲ ಸ್ಥಾನ. ಕೊಲಂಬಿಯಾ ಐದು ಹೊಡೆದು ಮೂರು ಬಿಟ್ಟಿತು. ಅಮೆರಿಕವೂ ಐದು ಹೊಡೆದು ಮೂರು ಬಿಟ್ಟಿತು. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆಗ ಅವರವರ ನಡುವಿನ ಪಂದ್ಯ ನೋಡಿ ಕೊಲಂಬಿಯಾಕ್ಕೆ ಎರಡನೇ ಸ್ಥಾನ, ಅಮೆರಿಕಕ್ಕೆ ಮೂರನೆಯದು ಎಂದಾಯಿತು.

ಕೊಲಂಬಿಯಾ ಬಿಟ್ಟುಕೊಟ್ಟ ಆ ಮೂರು ಗೋಲುಗಳಲ್ಲಿ ಒಂದು ನಮ್ಮದು. ಮಣಿಪುರದ ಜೀಕ್ಸನ್ ಸಿಂಗ್ 82ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು, ಫಿಫಾ ವಿಶ್ವಕಪ್ ಟೂರ್ನಿಯೊಂದರಲ್ಲಿ ಭಾರತದ ಮೊಟ್ಟಮೊದಲ ಗೋಲು. ಅದೊಂದು ಇಲ್ಲದಿದ್ದರೆ ಕೊಲಂಬಿಯಾ ನೇರವಾಗಿ ಎರಡನೆಯದಾಗುತ್ತಿತ್ತು, ನಿಯಮ ಪುಸ್ತಕದ ಪುಟ ತಿರುಗಿಸುವ ಕೆಲಸ ಯಾರಿಗೂ ಬರುತ್ತಿರಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಸಮ ಮಾಡಿದ ಸಂಭ್ರಮ ಇಳಿಯುವ ಮೊದಲೇ, 83ನೇ ನಿಮಿಷದಲ್ಲಿ, ಕೊಲಂಬಿಯಾ ಮತ್ತೆ ಗೋಲು ಹೊಡೆಯಿತು. ಆ ಗೋಲನ್ನು ತಡೆದು ಉಳಿದ ಕೆಲವು ನಿಮಿಷ ಕಾದಿದ್ದರೆ ನಮಗೆ ಒಂದು ಅಂಕ, ಕೊಲಂಬಿಯಾಕ್ಕೆ ನಾಲ್ಕೇ ಅಂಕ, ಎರಡನೇ ಸ್ಥಾನ ಅಮೆರಿಕಕ್ಕೆ. ಕೊನೆಯ ಸ್ಥಾನದ ತಂಡ ಮೇಲಿನವರ ಜಾತಕ ಬದಲಿಸುವುದಕ್ಕೆ ಒಂದು ನಿಮಿಷದ ದೂರದಲ್ಲಿತ್ತು. ಸೋತವರು ಗುಂಪಿನಲ್ಲಿ ಲೆಕ್ಕಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ಈ ಹಲಗೆ ತೋರಿಸಿ. ಅಂದ ಹಾಗೆ ಮೂರನೆಯದಾದ ಅಮೆರಿಕ ಮುಂದಿನ ಸುತ್ತಿನಲ್ಲಿ ಪರಾಗ್ವೆಯನ್ನು 5–0ರಿಂದ ಬಗ್ಗುಬಡಿಯಿತು. ಎರಡನೆಯದಾದ ಕೊಲಂಬಿಯಾ ಜರ್ಮನಿಗೆ 0–4ರಿಂದ ಶರಣಾಯಿತು. ಮೇಲಿನ ಸ್ಥಾನ ಸಿಕ್ಕಿದವರಿಗೆ ಸುಲಭದ ದಾರಿ ಸಿಗುತ್ತದೆ ಎಂದೂ ಅಲ್ಲ.

ಗೋಲು ಎಷ್ಟು ಹೊಡೆದಿರಿ ಎನ್ನುವುದಕ್ಕಿಂತ ಎಲ್ಲಿ ಹೊಡೆದಿರಿ ಎಂಬುದು ಮುಖ್ಯ. 2018ರಲ್ಲಿ ಮಲೇಷ್ಯಾದಲ್ಲಿ 16 ವರ್ಷದೊಳಗಿನವರ ಏಷ್ಯಾ ಟೂರ್ನಿ ನಡೆದಾಗ ನಮ್ಮ ಹುಡುಗರು ವಿಯೆಟ್ನಾಂ ಮೇಲೆ 1–0, ಇರಾನ್ ಜೊತೆ 0–0, ಇಂಡೊನೇಷ್ಯಾ ಜೊತೆ 0–0. ಮೂರು ಪಂದ್ಯ, ಒಂದೇ ಗೋಲು, ಅದೂ ಪೆನಾಲ್ಟಿ. ಅಷ್ಟರಲ್ಲೇ ಕ್ವಾರ್ಟರ್ ಫೈನಲ್ ತಲುಪಿದರು. ಅಲ್ಲಿ ದಕ್ಷಿಣ ಕೊರಿಯಾ ಎದುರು 0–1ರಿಂದ ಸೋತರು. ಗೆದ್ದಿದ್ದರೆ ಆತಿಥೇಯರೆಂಬ ರಿಯಾಯಿತಿ ಇಲ್ಲದೆಯೇ ವಿಶ್ವಕಪ್‌ಗೆ ಹೋಗುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಚೋನ್‌ಬುರಿಯಲ್ಲಿ ನಡೆದ ಅರ್ಹತಾ ಗುಂಪಿನಲ್ಲಿ ಇದೇ ದೇಶದ ಹುಡುಗರು ಬ್ರೂನೈ ಮೇಲೆ 13–0, ತುರ್ಕ್‌ಮೆನಿಸ್ತಾನ್ ಮೇಲೆ 1–0, ಥಾಯ್ಲೆಂಡ್ ಎದುರು 2–3. ಹದಿನಾರು ಗೋಲು! ಮನೆಗೆ ಬಂದರು. ಒಂದು ಗೋಲಿನವರು ದಾಟಿದರು, ಹದಿನಾರರವರು ನಿಂತರು.

ಯಾಕೆ ಎಂದರೆ ಆ ಸಲ ನಾವು ಗುಂಪಿನಲ್ಲಿ ಎರಡನೆಯವರು, ಎರಡನೆಯವರಲ್ಲಿ ಉತ್ತಮರಿಗಷ್ಟೇ ಪ್ರವೇಶವಿತ್ತು. ಬೇರೆ ಬೇರೆ ಗುಂಪುಗಳ ಎರಡನೇ ಸ್ಥಾನದವರನ್ನು ಹೋಲಿಸುವಾಗ, ಗುಂಪುಗಳ ಗಾತ್ರ ಒಂದೇ ಇರದಿದ್ದರೆ ತಳದ ತಂಡದ ಎದುರಿನ ಫಲಿತಾಂಶವನ್ನು ಬದಿಗಿಡುವುದು ಏಷ್ಯಾದ ರೂಢಿ. ಆ ಹದಿಮೂರನ್ನು ತೆಗೆದು ನೋಡಿ, ನಮ್ಮದು ಮೂರು ಹೊಡೆದು ಮೂರು ಬಿಟ್ಟುಕೊಟ್ಟ ತಂಡ. ದುರ್ಬಲರ ಮೇಲೆ ಗೋಲಿನ ರಾಶಿ ಹಾಕಿದವರಿಗೆ ಇದು ಕಹಿ ಎನಿಸಬಹುದು. ನನಗೇನೋ ಇದು ನ್ಯಾಯ ಎನಿಸುತ್ತದೆ. ಒಂದು ಗುಂಪಿಗೆ ಬಡಪಾಯಿ ತಂಡ ಬಂತು, ಇನ್ನೊಂದಕ್ಕೆ ಬರಲಿಲ್ಲ ಎಂಬುದು ಚೀಟಿ ಎತ್ತಿದವರ ಕೈಗುಣ, ಹುಡುಗರ ಕಾಲ್ಗುಣವಲ್ಲ.

ಎರಡನೇ ಸ್ಥಾನದ ಬೆಲೆ ವರ್ಷದಿಂದ ವರ್ಷಕ್ಕೆ ಬದಲಾಗುವುದೂ ಉಂಟು. 2022ರಲ್ಲಿ ಸೌದಿಯ ದಮ್ಮಾಮ್‌ನಲ್ಲಿ ನಾವು ಮಾಲ್ಡೀವ್ಸ್, ಕುವೈತ್, ಮ್ಯಾನ್ಮಾರ್ ಮೂವರನ್ನೂ ಸೋಲಿಸಿ, ಸೌದಿಗೆ 1–2ರಿಂದ ಸೋತು ಎರಡನೆಯವರಾದೆವು. ಉತ್ತಮ ದ್ವಿತೀಯ ಸ್ಥಾನಿಗಳಲ್ಲಿ ಒಬ್ಬರೆಂದು ಆ ಸಲ ದಾಟಿದೆವು. 2024ರಲ್ಲಿ ಎರಡನೇ ಸ್ಥಾನ ಸಾಲಲಿಲ್ಲ. 2025ರಲ್ಲಿ ಆ ಕಿಟಕಿಯನ್ನೇ ಮುಚ್ಚಿದ್ದರು, ಏಳು ಗುಂಪು, ಏಳೇ ವಿಜೇತರು. ಈ ಕಾರಣಕ್ಕೇ ಆಡುವ ಮೊದಲು ಮಕ್ಕಳಿಗೆ ನಿಯಮ ಓದಿ ಹೇಳಿ ಎಂದು ನಾನು ಶಿಕ್ಷಕರಿಗೆ ಗೋಗರೆಯುವುದು. ಎಷ್ಟೋ ಸಲ ನಮ್ಮಲ್ಲಿ ಟಾಸ್ ಆದ ಮೇಲೂ ಡ್ರಾ ಆದರೆ ಏನು ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೊನೆಗೆ ಯಾರ ಮೇಷ್ಟ್ರ ಗಂಟಲು ದೊಡ್ಡದೋ ಅವರ ತಂಡ ಫೈನಲ್‌ಗೆ ಹೋಗುತ್ತದೆ.

ಇನ್ನೊಂದು ಗುಂಪಿನ ಕತೆ ಹೇಳದೆ ಇರಲಾರೆ. 2019ರ ಸೆಪ್ಟೆಂಬರ್, ತಾಷ್ಕೆಂಟ್. 16 ವರ್ಷದೊಳಗಿನವರ ಅರ್ಹತಾ ಗುಂಪು. ತುರ್ಕ್‌ಮೆನಿಸ್ತಾನ್ ಮೇಲೆ 5–0, ಬಹರೇನ್ ಮೇಲೆ 5–0, ಆತಿಥೇಯ ಉಜ್ಬೇಕಿಸ್ತಾನದ ಜೊತೆ 1–1. ಇಬ್ಬರಿಗೂ ಏಳು ಅಂಕ, ಮುಖಾಮುಖಿ ಪಂದ್ಯ ಸಮ. ಹಾಗಾಗಿ ಒಟ್ಟು ಗೋಲು ವ್ಯತ್ಯಾಸ ನೋಡಿದರು. ಭಾರತ ಗುಂಪಿಗೇ ಮೊದಲು! ಮುಖ್ಯ ಟೂರ್ನಿಗೆ ಚೀಟಿಯೂ ಎತ್ತಿದರು. ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ಮತ್ತೆ ಅದೇ ಉಜ್ಬೇಕಿಸ್ತಾನ ನಮ್ಮ ಗುಂಪಿನಲ್ಲಿ. ಅಷ್ಟರಲ್ಲಿ ಕೊರೊನಾ ಬಂತು. ಟೂರ್ನಿಯನ್ನು ಮುಂದೂಡಿ, ಕೊನೆಗೆ 2021ರ ಜನವರಿಯಲ್ಲಿ ರದ್ದು ಮಾಡಿದರು. ಹುಡುಗರು ಅಷ್ಟರಲ್ಲಿ ಆ ವಯಸ್ಸನ್ನು ದಾಟಿ ನಡೆದಿದ್ದರು. ದೊಡ್ಡವರ ಟೂರ್ನಿ ಒಂದು ವರ್ಷ ತಡವಾದರೆ ಆಟಗಾರನಿಗೆ ಒಂದು ವರ್ಷ ಹೆಚ್ಚಾಗುತ್ತದೆ, ಅಷ್ಟೆ. ಹದಿನಾರರವರಿಗೆ ತಡವಾದರೆ ಬಾಗಿಲೇ ಇರುವುದಿಲ್ಲ. ಆ ತಂಡಕ್ಕೆ ಉಳಿದದ್ದು ತಾಷ್ಕೆಂಟಿನ ಮೂರು ಪಂದ್ಯಗಳೇ. ನನ್ನ ದೃಷ್ಟಿಯಲ್ಲಿ ಅದು ಕಡಿಮೆಯೇನಲ್ಲ, ಆದರೆ ಆ ಹುಡುಗರ ಎದುರು ಕುಳಿತು ಹಾಗೆ ಹೇಳುವ ಧೈರ್ಯ ನನಗಿಲ್ಲ.

ವಯಸ್ಸಿನ ಮಾತು ಬಂತು, ಒಂದು ತಮಾಷೆ. ಅಹಮದಾಬಾದಿನಲ್ಲಿ ಆಡಿದವರೆಲ್ಲ 2009ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಾಗಿರಬೇಕು. ನಮ್ಮ ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆಗೆಯಿರಿ, ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಮಗು ಸುಮಾರಾಗಿ ಕಂಡರೆ ಮೇಷ್ಟ್ರು ಬರೆದದ್ದೇ ಜನ್ಮದಿನ. ಈಗ ಅಂತರರಾಷ್ಟ್ರೀಯ ಮಟ್ಟದಲ್ಲಿ ಮಣಿಕಟ್ಟನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ಎಲುಬು ಬೆಸೆದಿದೆಯೋ ಇಲ್ಲವೋ ನೋಡುತ್ತಾರೆ. ಎಲುಬಿಗೆ ಜೂನ್ 1 ಗೊತ್ತಿಲ್ಲ.

ಸಭೆಯಲ್ಲಿ ಹಿರಿಯರೊಬ್ಬರು ಎದ್ದು, “ಎಲ್ಲರೂ ಎಲ್ಲರ ಎದುರು ಆಡುವ ಲೀಗ್ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ ಮೇಷ್ಟ್ರೇ, ಕೆ.ಜಿ.ಎಫ್. ಮರೆತಿರೋ?” ಎಂದರು. ಮರೆಯುವುದುಂಟೇ? ನನ್ನ ಸೋದರಮಾವ ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ರಜೆಗೆ ಹೋದಾಗ ಸೈನೈಡ್ ಗುಡ್ಡದ ದೂಳು ಕುಡಿಯುತ್ತ ನೋಡಿದ ಆಟಗಳೇ ನನಗೆ ಫುಟ್‌ಬಾಲಿನ ಅಕ್ಷರಾಭ್ಯಾಸ. ಒಂದೊಂದು ಗಣಿಯ ಕಡೆಯವರಿಗೂ ತಮ್ಮ ತಂಡವೇ ಜಗತ್ತು. ಈ ವಾರ ಸೋತವರು ಪಾಳಿ ಮುಗಿಸಿ ಮುಂದಿನ ವಾರ ಮತ್ತೆ ಬರುತ್ತಿದ್ದರು. ಮಾವ ಬಾಗಿಲ ಹಿಂಭಾಗದಲ್ಲಿ ಇದ್ದಿಲಿನಿಂದ ಅಂಕ ಬರೆದಿಡುತ್ತಿದ್ದರು, ಅತ್ತೆ ಹಬ್ಬಕ್ಕೆ ಸುಣ್ಣ ಹೊಡೆಯುವಾಗಲೂ ಆ ಜಾಗ ಬಿಡಬೇಕಿತ್ತು. ನಾಕೌಟ್ ಆಗಿದ್ದರೆ ಬಾಗಿಲಲ್ಲಿ ಬರೆಯುವುದಕ್ಕೆ ಏನಿರುತ್ತಿತ್ತು? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಡುವವರು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗುವವರಾದರು. ಮಾವನ ಬಾಗಿಲು ಏನಾಯಿತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಆ ಬಾಗಿಲನ್ನು ನೆನೆದೇ ನಾನೊಂದು ಪ್ರಯೋಗ ಮಾಡಿದೆ. ಹತ್ತಿರದ ನಾಲ್ಕು ಶಾಲೆಗಳ ಶಿಕ್ಷಕರನ್ನು ಒಪ್ಪಿಸಿ ಮೂರು ಶನಿವಾರ ಗೊತ್ತುಮಾಡಿದೆವು. ಬೆಳಗಿನ ಶಾಲೆ ಮುಗಿದ ಮೇಲೆ ಎರಡೆರಡು ಪಂದ್ಯ. ಇಲಾಖೆಯ ಹಣವಿಲ್ಲ, ಕಪ್ ಇಲ್ಲ, ಅತಿಥಿಗಳೂ ಇಲ್ಲ. ಅತಿಥಿಗಳಿಲ್ಲದ್ದರಿಂದ ಹೇಳಿದ ಹೊತ್ತಿಗೇ ಆಟ ಶುರುವಾಯಿತು. ಯಾವ ಶಾಲೆ ಯಾವುದು ಎಂದು ಹೇಳುವುದಿಲ್ಲ, ಆಮೇಲೆ ಜಗಳ. ನಮ್ಮ ಶಾಲೆ ಮೊದಲ ಶನಿವಾರ 0–5ರಿಂದ ಸೋತಿತು. ಹಳೆಯ ಪದ್ಧತಿಯಾಗಿದ್ದರೆ ಚೆಂಡು ಬೀರುವಿಗೆ ಹೋಗಿ ಮುಂದಿನ ವರ್ಷ ಹೊರಬರುತ್ತಿತ್ತು. ಇಲ್ಲಿ ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ಆರು ಹುಡುಗರು ಮೈದಾನದಲ್ಲಿದ್ದರು. ಎಡಗಡೆಯಿಂದಲೇ ನಾಲ್ಕು ಗೋಲು ಬಿದ್ದವೆಂದು ಅವರೇ ಲೆಕ್ಕ ಹಾಕಿದ್ದರು, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಎರಡನೇ ಶನಿವಾರ 0–0. ಹುಡುಗರು ಕಪ್ ಗೆದ್ದವರಂತೆ ಗೋಲ್‌ಕೀಪರನ್ನು ಹೆಗಲ ಮೇಲೆ ಹೊತ್ತು ಬಸ್ ನಿಲ್ದಾಣದವರೆಗೆ ಹೋದರು. ಮೂರನೆಯದು 1–2. ಮೂರು ಪಂದ್ಯಗಳಿಂದ ಒಂದು ಅಂಕ, ಒಂದು ಗೋಲು, ಕೊನೆಯ ಸ್ಥಾನ. ಮುಂದಿನ ವರ್ಷವೂ ಕೊನೆಯ ಸ್ಥಾನವೇ, ಆದರೆ ಆಗ ಎರಡು ಅಂಕ.

ಗುಂಪಿನ ಕೆಟ್ಟ ಬುದ್ಧಿಯನ್ನೂ ಅಲ್ಲಿಯೇ ನೋಡಿದೆ. ಮೊದಲ ಎರಡು ಸ್ಥಾನದವರಿಗೆ ಫೈನಲ್ ಎಂದಿದ್ದೆವು. ಮೂರನೇ ಶನಿವಾರ ನಮ್ಮನ್ನು ಸೋಲಿಸಿದ ತಂಡ ನಾಲ್ಕು ಅಂಕಕ್ಕೆ ತಲುಪಿ ಪಕ್ಕದಲ್ಲಿ ಕೂತಿತ್ತು. ಕೊನೆಯ ಪಂದ್ಯ ಆಡುವ ಇಬ್ಬರಿಗೂ ಆಗಲೇ ನಾಲ್ಕು ನಾಲ್ಕು ಅಂಕ. ಡ್ರಾ ಆದರೆ ಇಬ್ಬರಿಗೂ ಐದು, ಇಬ್ಬರೂ ಫೈನಲ್‌ಗೆ. ಹದಿಮೂರು ವರ್ಷದ ಮಕ್ಕಳಿಗೆ ಇದನ್ನು ಯಾರು ಹೇಳಿಕೊಟ್ಟರೋ! ಅರ್ಧ ಗಂಟೆ ಚೆಂಡನ್ನು ನಡುಗೆರೆಯ ಹತ್ತಿರವೇ ಅತ್ತಿಂದಿತ್ತ ತಳ್ಳಿಕೊಂಡು, ಎದುರಾಳಿಗೆ “ಬಾ, ತಗೋ” ಎನ್ನುವಷ್ಟು ಸೌಜನ್ಯದಿಂದ ಆಡಿದರು. ಪಕ್ಕದಲ್ಲಿ ಕೂತ ಮಕ್ಕಳು ಅಳುತ್ತಿದ್ದರು.

ನನಗೆ ಗಿಹೋನ್ ನೆನಪಾಯಿತು. 1982ರ ವಿಶ್ವಕಪ್, ಸ್ಪೇನಿನ ಗಿಹೋನ್ ನಗರ, ಜೂನ್ 25. ಅಲ್ಜೀರಿಯಾ ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಆಡಿ ಮುಗಿಸಿತ್ತು. ಪಶ್ಚಿಮ ಜರ್ಮನಿ 1–0ರಿಂದ ಗೆದ್ದರೆ ಜರ್ಮನಿ, ಆಸ್ಟ್ರಿಯಾ ಇಬ್ಬರೂ ಮುಂದೆ ಹೋಗುತ್ತಾರೆ. ಜರ್ಮನಿ ಬೇಗನೆ ಒಂದು ಗೋಲು ಹೊಡೆಯಿತು, ಆಮೇಲೆ ಇಬ್ಬರೂ ಕಾಲಹರಣ ಮಾಡಿದರು. ಅಲ್ಜೀರಿಯಾ ಮನೆಗೆ ಹೋಯಿತು. ಮುಂದಿನ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸತೊಡಗಿದರು. ದೊಡ್ಡವರಿಗೆ 1982ರಲ್ಲಿ ಬಂದ ಬುದ್ಧಿ ನನಗೆ ಆ ಶನಿವಾರ ಬಂತು. ಮುಂದಿನ ವರ್ಷ ಮೈದಾನವನ್ನು ಅಡ್ಡಕ್ಕೆ ಎರಡು ಮಾಡಿ, ತಂಡಕ್ಕೆ ಏಳೇ ಜನರಂತೆ, ಕೊನೆಯ ಎರಡೂ ಪಂದ್ಯಗಳನ್ನು ಒಂದೇ ಸೀಟಿಗೆ ಶುರು ಮಾಡಿಸಿದೆವು. ಒಂದು ಪಂದ್ಯದ ಚೆಂಡು ಇನ್ನೊಂದಕ್ಕೆ ನುಗ್ಗಿ ಅಲ್ಲಿ ಗೋಲಾದದ್ದು ಬೇರೆ ಕತೆ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, “ಹುಡುಗಿಯರ ಗುಂಪು ಯಾಕೆ ಹೇಳಲಿಲ್ಲ?” ಎಂದು ಕೇಳಿದಳು. ತಪ್ಪು ನನ್ನದೇ, ಏಕೆಂದರೆ ಈ ವರ್ಷ ಆ ಕತೆಯೇ ಹೆಚ್ಚು ಚೆನ್ನಾಗಿದೆ. ಆಗಸ್ಟ್‌ನಲ್ಲಿ ಯಾಂಗೂನ್‌ನಲ್ಲಿ 20 ವರ್ಷದೊಳಗಿನ ನಮ್ಮ ಹುಡುಗಿಯರು ಇಂಡೊನೇಷ್ಯಾ ಜೊತೆ 0–0, ತುರ್ಕ್‌ಮೆನಿಸ್ತಾನ್ ಮೇಲೆ 7–0, ಆತಿಥೇಯ ಮ್ಯಾನ್ಮಾರ್ ಮೇಲೆ 1–0 ಮಾಡಿ ಎರಡು ದಶಕಗಳ ನಂತರ ಏಷ್ಯನ್ ಕಪ್‌ಗೆ ದಾಟಿದರು. ಅಕ್ಟೋಬರ್‌ನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ 17 ವರ್ಷದೊಳಗಿನವರದು ಮೂರೇ ತಂಡಗಳ ಗುಂಪು. ಕಿರ್ಗಿಸ್ತಾನದ ಮೇಲೆ 2–1. ಉಜ್ಬೇಕಿಸ್ತಾನದ ಎದುರು ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ ತಿರುಗಿಬಿದ್ದು 2–1. ಅವರೂ ದಾಟಿದರು.

ಇದರ ಬೆಲೆ ತಿಳಿಯಬೇಕಾದರೆ 2022ಕ್ಕೆ ಹೋಗಬೇಕು. ಆ ವರ್ಷ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ಆಯಿತು. ಆತಿಥೇಯರಿಗೆ ಅರ್ಹತಾ ಗುಂಪಿನ ಗೊಡವೆಯಿಲ್ಲ, ನೇರ ಪ್ರವೇಶ. ಭುವನೇಶ್ವರದಲ್ಲಿ ಅಮೆರಿಕಕ್ಕೆ 0–8, ಮೊರೊಕ್ಕೊಗೆ 0–3, ಬ್ರೆಜಿಲ್‌ಗೆ 0–5. ಆ ಹುಡುಗಿಯರನ್ನು ದೂರುವವರ ಜೊತೆ ನಾನು ಕೂರುವುದಿಲ್ಲ. ಮೆಟ್ಟಿಲು ಹತ್ತಿಸದೆ ಎತ್ತಿ ಮಾಳಿಗೆಯ ಮೇಲೆ ನಿಲ್ಲಿಸಿದರೆ ತಲೆ ಸುತ್ತುವುದು ಸಹಜ. 2017ರ ಹುಡುಗರಿಗೂ ಆದದ್ದು ಅದೇ. ವಿಶ್ವಕಪ್ ನಡೆಸಿದ್ದಕ್ಕಿಂತ ಬಿಷ್ಕೆಕ್‌ನ ಆ ಎರಡು ಪಂದ್ಯ ದೊಡ್ಡದು ಎಂದು ನಾನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಈಗ ಕೆಲಸದ ಮಾತು. ಸಭೆ ಮುಗಿದ ಮೇಲೆ ನಾಲ್ವರು ಶಿಕ್ಷಕರು ಹಲಗೆಯ ಹತ್ತಿರ ಬಂದು, ಜನವರಿಯಲ್ಲಿ ಶುರು ಮಾಡೋಣ, ಪಟ್ಟಿ ಹೇಗೆ ಮಾಡುವುದು ತೋರಿಸಿ ಎಂದರು. ನಾಲ್ಕು ತಂಡಕ್ಕೆ ಸುಲಭ. ಒಂದನ್ನು ಅಲುಗದಂತೆ ನಿಲ್ಲಿಸಿ, ಉಳಿದ ಮೂರನ್ನು ಅದರ ಸುತ್ತ ರಾಗಿ ಕಲ್ಲಿನಂತೆ ಒಂದೊಂದು ಸ್ಥಾನ ತಿರುಗಿಸುತ್ತಾ ಹೋಗಿ, ಮೂರು ಸುತ್ತಿಗೆ ಆರು ಪಂದ್ಯ ತಾವಾಗಿ ಬರುತ್ತವೆ. ನಿಯಮ ಒಂದು ಹಾಳೆಯಲ್ಲಿ ಬರೆದು, ಮೊದಲ ಪಂದ್ಯದ ಮೊದಲೇ ಎಲ್ಲ ನಾಯಕರಿಂದ ಸಹಿ ಹಾಕಿಸಿ: ಅಂಕ ಸಮನಾದರೆ ಮುಖಾಮುಖಿ ಪಂದ್ಯ, ಅದೂ ಸಮನಾದರೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು, ಏನೂ ಬಗೆಹರಿಯದಿದ್ದರೆ ಪೆನಾಲ್ಟಿ. ಮೇಷ್ಟ್ರ ಗಂಟಲಿಗೆ ಅಂಕವಿಲ್ಲ.

ಅಷ್ಟರಲ್ಲಿ ಬಂಗಾರಪೇಟೆ ಕಡೆಯ ಒಬ್ಬರು ಓಡಿ ಬಂದು, ನಮ್ಮ ಶಾಲೆಯನ್ನೂ ಸೇರಿಸಿಕೊಳ್ಳಿ ಎಂದರು. ಐದು ತಂಡವಾದರೆ ಹತ್ತು ಪಂದ್ಯ, ಐದು ಶನಿವಾರ, ಪ್ರತಿ ವಾರ ಒಂದು ತಂಡಕ್ಕೆ ಬೈ, ಅಂದರೆ ಆ ವಾರ ಆಟವಿಲ್ಲ. ಅಹಮದಾಬಾದಿನ ಲೆಕ್ಕವೇ. ಬೈ ಬಂದ ತಂಡದವರು ಸುಮ್ಮನೆ ಕೂರುವುದೇ ಎಂದು ಕೇಳಿದರು. ಯಾಕೆ ಕೂರಬೇಕು? ಆ ಶನಿವಾರ ಸುಣ್ಣ ತಂದು ಗೆರೆ ಎಳೆಯುವುದು ಅವರು, ಬಾವುಟ ಹಿಡಿದು ಪಕ್ಕದಲ್ಲಿ ಓಡುವುದೂ ಅವರೇ. ಮೊದಲ ವಾರದ ಬೈ ಬಂಗಾರಪೇಟೆಯವರಿಗೆ ಬಿದ್ದಿದೆ. ಸುಣ್ಣ ಎರಡು ಚೀಲ ಬೇಕಾಗುತ್ತದೆ.